ಟೇಬಲ್ ಅಂದ್ರ ಮೇಜಲ್ಲ

ಬ್ಯಾಡಗಿ ಪೇಟೆಯಾಗ ಸೋಮವಾರ, ಗುರುವಾರ ಆವಕ.
ಉಳಿದ ದಿನ ಬರೇ ಸೀನು.
ಕಂಪ್ಯೂಟರಿನ ಫ್ಯಾನಿನೊಳಗೂ ಕೆಂಪು ಹಿಟ್ಟು;
ತೌಸೀಫ ಬಿಚ್ಚಿ ಊದತಾನ,
ಕಣ್ಣು ಒರಸ್ಕೋತ ಪಾಠ ಹೇಳತಾನ:
ಟೇಬಲ್ ಅಂದ್ರ ಮೇಜಲ್ಲರೀ ಅಕ್ಕಾರ,
ರೋ ಅಂದ್ರ ಸಾಲು, ಕಾಲಮ್ ಅಂದ್ರ ಕಂಬ.
ಕಂಬ ಅಂದಕೂಡ್ಲೆ ನನ್ನ ಕಣ್ಣು ಅಂಗಡಿ ಕಂಬಕ್ಕ ಹೋಗತೈತಿ,
ಅದಕ್ಕ ಒರಗಿ ಕುಂತ ಹಮಾಲ ಫಕ್ಕೀರಜ್ಜ
ಹಲ್ಲಿಲ್ಲದ ಬಾಯಿಲೆ ನಗತಾನ.

ಇಪ್ಪತ್ತೆರಡು ವರ್ಷ ಕಿರ್ದಿ ಬರದ ಕೈ ಇದು.
ತೂಕ, ಸೂಟು, ಹಮಾಲಿ, ದಲಾಲಿ,
ಒಂದು ಪೈಸಾ ತಪ್ಪಿಲ್ಲ, ಬೇಕಾದ್ರ ಧಣಿಯವರನ್ನ ಕೇಳ್ರಿ.
ಈಗ ಒಂದು ಅಲ್ಪವಿರಾಮ ಬಿಟ್ಟೆ ಅಂತ
ಇಂಗ್ಲೀಷಿನಾಗ ಬೈಸ್ಕೋತೇನಿ.
ಎಲ್ಲಿ ತಪ್ಪೇತಿ ಅಂತ ಹೇಳೂದಿಲ್ಲ,
ಇದರ "ಹತ್ರ" ಎಲ್ಲೋ ತಪ್ಪೇತಂತ.
ಹತ್ರ ಅಂದ್ರ ಎಷ್ಟು ಹತ್ರೋ ಮಾರಾಯಾ,
ಮೋಟೆಬೆನ್ನೂರಷ್ಟೊ, ಕದರಮಂಡಲಗಿಯಷ್ಟೊ?

ರೈತರ ಟೇಬಲ್ಲು ಒಂದು, ಲಾಟಿನ ಟೇಬಲ್ಲು ಒಂದು.
ಎರಡೂ ಕೂಡಸು ಅಂದೆ. ಕೂಡಿಸ್ತು.
ಹ್ಯಾಂಗ ಕೂಡಬೇಕು ಅಂತ ನಾ ಹೇಳಿರಲಿಲ್ಲ.
ನೂರಾ ನಲವತ್ತು ಮಂದಿಗೆ ಮುನ್ನೂರು ಲಾಟು,
ಪ್ರತಿಯೊಬ್ಬಗೂ ಪ್ರತಿಯೊಂದು:
ನಲವತ್ತೆರಡು ಸಾವಿರ ಸಾಲು ಸರ್ರನ ಇಳದು ಬಂದ್ವು.
ಎಕರೆ ಹೊಲದ ಶಿವಲಿಂಗಪ್ಪ
ಇಡೀ ಪೇಟೆ ಮೆಣಸಿನಕಾಯಿಗೆ ಧಣಿಯಾದ.
ಖರೇನ ಆಗಿದ್ರ ಚೊಲೊ ಇತ್ತು, ಅಂದ ಫಕ್ಕೀರಜ್ಜ.

ಖತಾವಣಿ ಅಂಚಿನಾಗ ಕಿರ್ದಿ ಪುಟದ್ದು
ಸಣ್ಣದೊಂದು ಅಂಕಿ ಹಾಕತಿದ್ದೆ ನಾನು.
ಅದಕ್ಕ ಇವರು ಕೀ ಅಂತಾರಂತ.
ಮೊದಲ ದಿನಾನ ಇಷ್ಟು ಹೇಳಿದ್ರ ಸಾಯತಿದ್ಯಾ, ತೌಸೀಫ?

ಆಮ್ಯಾಲೆ ಒಬ್ಬಾಂವನ ಊರು ತಿದ್ದಾಕ ಹೋದೆ.
ಯಾರದು ಅನ್ನೂದು ಬರಿಯೂದ ಮರತು
ಎಂಟರ್ ಒತ್ತಿದೆ.
ಎಲ್ಲಾರೂ ಹಿರೇಅಣಜಿಯವರಾದ್ರು,
ಬಳ್ಳಾರಿಯವರು, ರಾಯಚೂರಿಂದ ಲಾರಿ ತಂದವರು,
ಒಬ್ಬರನ್ನೂ ಬಿಡಲಿಲ್ಲ.
ಕಿರ್ದಿಯಾಗ ತಪ್ಪಿದ್ರ ಒಂದು ಗೀಟು ಹೊಡದು ಮ್ಯಾಲೆ ಬರಿತಿದ್ದೆ,
ಹಳೇದೂ ಕಾಣತಿತ್ತು, ನನ್ನ ನಾಚಿಕೀನೂ ಕಾಣತಿತ್ತು.
ಇಲ್ಲಿ ಎಲ್ಲಾ ಸ್ವಚ್ಛ.
ಅವತ್ತು ಬುತ್ತಿ ಬಿಚ್ಚಲಿಲ್ಲ.

ಆದ್ರ ನಾ ಸಿಟ್ಟಿಗೆದ್ದದ್ದು ದುರಗವ್ವ ಬಂದ ದಿನ.
ಎರಡು ಚೀಲ ಡಬ್ಬಿ ಮೆಣಸಿನಕಾಯಿ, ಚೊಲೊ ಬಣ್ಣ.
ತಂದೆ ಅಥವಾ ಗಂಡನ ಹೆಸರು?
ಅಕಿಗೆ ಎರಡೂ ಇಲ್ಲ.
ಕಿರ್ದಿಯಾಗ ಒಂದು ಅಡ್ಡಗೀಟು ಎಳದು
ಮುಂದಿನ ಮನಿಗೆ ಹೋಗತಿದ್ದೆ,
ಯಾರೂ ಏನೂ ಕೇಳತಿರಲಿಲ್ಲ.
ಮಷೀನು ಅಂತು: ಈ ಮನಿ ಖಾಲಿ ಬಿಡೂಹಂಗಿಲ್ಲ.

ತೌಸೀಫ ಏನೋ ಸಡಲಿಸಿದ, ಖಾಲೀನ ಕೂತ್ತು.
ಅದಕ್ಕ ನಲ್ ಅಂತಾರರೀ, ಅಂದ.
ಸೊನ್ನಿ ಅಲ್ಲ, ಬಿಟ್ಟ ಜಾಗಾನೂ ಅಲ್ಲ,
ಗೊತ್ತಿಲ್ಲ ಅನ್ನೂದರ ಗುರುತು.
ನಲ್‌ಗೆ ಸಮ ಇದ್ದವರನ್ನ ತೋರ್ಸು ಅಂದೆ.
ಯಾರೂ ಇಲ್ಲ, ಅಂತು.
ಯಾರೂ ಇಲ್ಲಂದ್ರ?
ಇಲ್ಲೇ ನಿಂತಾಳಲ್ಲೋ, ಸೆರಗಿಲೆ ಮೂಗು ಮುಚ್ಚಿಕೊಂಡು!
ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕ ಸಮ ಆಗೂದಿಲ್ಲರೀ ಅಕ್ಕಾರ,
ಸಮ ಅನಬ್ಯಾಡ್ರಿ, ಇಸ್ ಅನ್ರಿ.

ಎರಡ ಅಕ್ಷರ. ಹಾಕಿದೆ.
ಬಂದ್ಲು.
ಅಕಿ ಹಿಂದ ಇನ್ನೂ ಹನ್ನೊಂದು ಮಂದಿ ಹೆಂಗಸರು,
ವರ್ಷಗಟ್ಟಲೆ ನಾ ಗೀಟಿನ ಅಡಿಗೆ ಮಲಗಿಸಿದವರು,
ಒಬ್ಬರ ಕೆಳಗ ಒಬ್ಬರು ಎದ್ದು ಕುಂತ್ರು.
ಹನ್ನೆರಡು ಮಂದಿ.
ನಾ ಎಂದೂ ಎಣಿಸಿರಲಿಲ್ಲ.

ಏನ್ ನೋಡಾಕತ್ತೀರಬೇ, ಅಂದ್ಲು ದುರಗವ್ವ,
ನನ್ನ ರೊಕ್ಕ ಬಂತೇನದರಾಗ?
ಬಂತವಾ, ಅಂದೆ. ಬಿಲ್ಲು ಹರದು ಕೊಟ್ಟೆ.
ಸಂಜಿಕೆ ಮತ್ತೊಂದು ಅಲ್ಪವಿರಾಮ ಮರತೆ,
ಬೈಸ್ಕೊಂಡೆ,
ಸೀನಿದೆ.